ಯಮುನಾಬಾಯಿಗೆ ಪ್ರೇರಣೆ ಯಾರು

ಆದಿವಾಸಿ ಹೆಂಗಸರು ಯಾವ ಪ್ರೇರಣೆಯಿಂದ ಉದ್ಯಮಕ್ಕೆ ಇಳಿಯುತ್ತಾರೆ ಎಂಬ ವಿಷಯ ಸಿಕ್ಕರೆ ಸಾಕು, ಶರಣಬಸವ ಊಟ ಬಿಟ್ಟು ಮಾತಾಡುತ್ತಿದ್ದ. ಆ ಹೆಂಗಸರನ್ನೇ ಕೇಳುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಸಂಶೋಧನೆ ಮಾಡಿ ಮುಗಿಸಿದ್ದ. ಭಾಲ್ಕಿಯಿಂದ ಬಂದು ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಬೇರೂರಿದ್ದ ಈ ಮಹಾಶಯ, ಅಲ್ಲೇ ಪಕ್ಕದ ಶೇಂದ್ರಾದ ಕಾರ್ಖಾನೆಗಳು ಸಾಕಿಕೊಂಡಿದ್ದ, ಹಳ್ಳಿ ಹೆಂಗಸರಿಗೆ ಉದ್ಯಮ ಕಲಿಸುವ ಒಂದು ಸಂಸ್ಥೆಯಲ್ಲಿ ತರಬೇತಿ ಅಧಿಕಾರಿ. ಅಲ್ಲಿನ ನಿರ್ದೇಶಕರ ಕುರ್ಚಿ ಖಾಲಿಯಾದಂದಿನಿಂದ ಅವನಿಗೆ ಬೇರೆ ಧ್ಯಾನವಿರಲಿಲ್ಲ.

ಅವನ ಬಂಡವಾಳವೆಲ್ಲ ಒಬ್ಬಳೇ, ಯಮುನಾಬಾಯಿ ಗಾವಿತ. ನಾಸಿಕ್ ಜಿಲ್ಲೆಯ ಸಟಾಣಾದ ಆಚೆ, ಬೆಟ್ಟದ ಊರಿನ ಕೋಕಣಾ ಬುಡಕಟ್ಟಿನ ಹೆಂಗಸು. ಊರ ಹೆಂಗಸರನ್ನು ಕೂಡಿಸಿಕೊಂಡು ರಾಗಿ ಹಪ್ಪಳ ಮಾಡಿ ನಾಸಿಕ್‌ವರೆಗೂ ಮಾರುತ್ತಿದ್ದಳು. ಆಕೆಯ ವ್ಯಾಪಾರ ಚೆನ್ನಾಗಿ ಕುದುರಿದ ಮೇಲೆ ಶರಣಬಸವ ಅಲ್ಲಿಗೆ ಹೋಗಿ, ಗೋಡೆಗೆ ಬ್ಯಾನರ್ ಕಟ್ಟಿ, ಹಪ್ಪಳ ಮಾಡುವವರಿಗೇ ಹಪ್ಪಳದ ಬಗ್ಗೆ ಉಪನ್ಯಾಸ ಕೊಟ್ಟು, ಫೋಟೊ ಹೊಡೆಸಿಕೊಂಡು ಬಂದಿದ್ದ. ಅಂದಿನಿಂದ ಆಕೆಯನ್ನು ಬೆಳಕಿಗೆ ತಂದವನು ತಾನೇ ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದ.

ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಆಕೆಯನ್ನು ವೇದಿಕೆಯ ಮೇಲೆ ಕೂರಿಸಿದರೆ ಕುರ್ಚಿ ನಿಮ್ಮದೇ ಎಂದು ಅಧ್ಯಕ್ಷರು ಆಸೆ ಹುಟ್ಟಿಸಿದ್ದರು. ದಿನ ಗೊತ್ತುಮಾಡುವ ಕೆಲಸವೂ ಅವನಿಗೇ ಬಂತು. ಪಂಚಾಂಗ ತಿರುವಿ, ಮಾರ್ಗಶಿರ ಹುಣ್ಣಿಮೆ ಬಹಳ ಪ್ರಶಸ್ತ ಎಂದು, ಆಕೆಯನ್ನು ಕೇಳದೆಯೇ ಆಮಂತ್ರಣ ಅಚ್ಚು ಹಾಕಿಸಿಬಿಟ್ಟ. ಆ ಹುಣ್ಣಿಮೆ ಬೆಟ್ಟದ ಜನರಿಗೆ ಡೋಂಗರ್ಯಾ ದೇವರ ಹಬ್ಬದ ಕೊನೆಯ ದಿನ. ವ್ರತ ಹಿಡಿದ ಮನೆಯವರು ಹಬ್ಬ ಮುಗಿಯುವ ತನಕ ತಮ್ಮ ಬೆಟ್ಟಸೀಮೆ ದಾಟುವುದಿಲ್ಲ. ಆ ಊರಿನ ಕೂಸಿಗೂ ತಿಳಿದಿದ್ದ ಈ ಸಂಗತಿ, ಆ ಊರಿನ ಬಗ್ಗೆ ಪ್ರಬಂಧ ಬರೆದವನಿಗೆ ತಿಳಿದಿರಲಿಲ್ಲ.

ಹಿಂದಿನ ದಿನ ಆಕೆಯನ್ನು ಕರೆತರಲು ಕಾರು ಮಾಡಿಕೊಂಡು ಹೊರಟ. ಹೆಂಗಸಿನ ಜೊತೆ ಹೆಂಗಸಿರಲಿ ಎಂದು ಹೆಂಡತಿ ರೂಪಾಳನ್ನೂ ಹತ್ತಿಸಿಕೊಂಡ. ರೂಪಾ ಕನ್ನಡದ ಮನೆಯವಳೇ ಆದರೂ ನಾಸಿಕ್‌ನಲ್ಲಿ ಹುಟ್ಟಿ ಬೆಳೆದವಳು, ಅವಳ ಮರಾಠಿ ಅವನದಕ್ಕಿಂತ ನಯ.

ಅಂಗಳ ಸಾರಿಸುತ್ತಿದ್ದ ಯಮುನಾಬಾಯಿ ಕೈ ತೊಳೆದು ಬಂದು ಮರಾಠಿಯಲ್ಲಿ ಹೇಳಿದಳು: "ನಾಳೆ ಹುಣ್ಣಿಮೆ, ಸಾಹೇಬ. ಗಂಡ, ಮಕ್ಕಳು ವ್ರತದಲ್ಲಿದ್ದಾರೆ. ನಾನು ಬರುವ ಹಾಗಿಲ್ಲ."

ಶರಣಬಸವನ ಸಿಟ್ಟು ನೆತ್ತಿಗೇರಿತು. ಹೆಂಡತಿಯ ಕಡೆ ತಿರುಗಿ ಕನ್ನಡಕ್ಕೆ ಇಳಿದ. "ನೋಡಿದೇನು ರೂಪಾ? ಈ ಮಂದಿ ಮುಂದ ಬರಂಗಿಲ್ಲ ಅಂಬೋದು ಇದಕ್ಕೇ. ಧಂದಾ ಬಿಟ್ಟು ದೇವರು ದೇವರು ಅಂತಾವ."

"ಮುಂಜಾನಿ ನೀವು ಲಿಂಗಪೂಜಾಕ್ಕ ಕುಂತಾಗ ಅಧ್ಯಕ್ಷರ ಫೋನ್ ಬಂದಿತ್ತಲ್ರಿ. ನೀವು ಏಳಲಿಲ್ಲ," ಎಂದಳು ರೂಪಾ.

"ಅದು ಬ್ಯಾರೆ."

ರೂಪಾ ಯಮುನಾಬಾಯಿಯತ್ತ ತಿರುಗಿ, ಗಂಡನ ಬಾಯಿಂದ ಇಷ್ಟು ವರ್ಷ ಬಾರದ ಪ್ರಶ್ನೆಯನ್ನು ಕೇಳಿಬಿಟ್ಟಳು: "ಬಾಯಿ, ಈ ಹಪ್ಪಳದ ಕೆಲಸ ಯಾಕೆ ಶುರು ಮಾಡಿದಿರಿ?"

"ಮೊದಲು ಈ ದಿನಗಳಲ್ಲಿ ನಾವು ನಾಸಿಕ್ ಕಡೆ ದ್ರಾಕ್ಷಿ ತೋಟದಲ್ಲಿ ಇರುತ್ತಿದ್ದೆವು. ಕೂಲಿಗೆ ಕರೆದೊಯ್ದ ಮುಕಾದಮ ಹಬ್ಬಕ್ಕೆ ಬಿಡುತ್ತಿರಲಿಲ್ಲ. ಒಂದು ವರ್ಷ ನಮ್ಮ ಮನೆಯಿಂದ ದೇವರ ಮುಂದೆ ಒಬ್ಬರೂ ನಿಲ್ಲಲಿಲ್ಲ. ನನ್ನ ಅತ್ತೆ ಅದೇ ಕೊರಗಿನಲ್ಲಿ ಸತ್ತಳು. ಈ ಹಬ್ಬಕ್ಕೆ ಊರಲ್ಲಿ ಇರಬೇಕು, ಯಾರ ಅಪ್ಪಣೆಯನ್ನೂ ಕೇಳಬಾರದು ಅನ್ನಿಸಿತು. ಅದಕ್ಕೇ ಹಪ್ಪಳ."

ಇಷ್ಟು ಕೇಳಿಯೂ ಆ ಮನುಷ್ಯ ಸುಮ್ಮನಾಗಲಿಲ್ಲ. ಕುರ್ಚಿ ಕೈತಪ್ಪುವ ಭಯಕ್ಕೆ ದನಿಯಲ್ಲಿ ಬೆಣ್ಣೆ ಸವರಿಕೊಂಡ. "ಒಂದೇ ದಿನದ ಮಾತು ಬಾಯಿ. ಮುಂದಿನ ವರ್ಷ ಬೇಕಾದಷ್ಟು ಹಬ್ಬ ಮಾಡಿಕೊಳ್ಳಿ."

"ಮುಕಾದಮನೂ ಹೀಗೇ ಹೇಳುತ್ತಿದ್ದ, ಸಾಹೇಬ," ಎಂದು ಯಮುನಾಬಾಯಿ ಮತ್ತೆ ಸಗಣಿಯ ಬುಟ್ಟಿಗೆ ಕೈಹಾಕಿದಳು.

ಮರುದಿನ ಸಂಜೆ ಸಂಭಾಜಿನಗರದ ಸಭಾಂಗಣ ಕಿಕ್ಕಿರಿದಿತ್ತು. ಯಮುನಾಬಾಯಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಶರಣಬಸವ ಎದೆ ಉಬ್ಬಿಸಿಕೊಂಡೇ ಸುಳ್ಳು ಹೇಳಿದ. ಆಕೆಯ ಬದಲು ಆಕೆಯ ಫೋಟೊ ಪರದೆಯ ಮೇಲೆ ಬಂತು. ಪಕ್ಕದಲ್ಲಿ, ಆಕೆಗಿಂತ ದೊಡ್ಡದಾಗಿ, ಅವನೇ ಇದ್ದ.

"ಇಂಥ ಹೆಂಗಸಿಗೆ ಪ್ರೇರಣೆಯಾದದ್ದು ಏನು, ಶರಣಬಸವ?" ಎಂದು ಅಧ್ಯಕ್ಷರು ಮೈಕಿನಲ್ಲೇ ಕೇಳಿದರು.

ಜನ್ಮದಲ್ಲಿ ಮೊದಲ ಸಲ ಅವನಿಗೆ ಉತ್ತರ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ರೂಪಾಳಿಗೂ ಗೊತ್ತಿತ್ತು. ಅವಳ ಕಡೆ ನೋಡದಂತೆ ಎಚ್ಚರ ವಹಿಸಿ, "ನಮ್ಮ ತರಬೇತಿ, ಸರ್," ಎಂದ ಆ ನಾಚಿಕೆಗೆಟ್ಟವನು.

ಚಪ್ಪಾಳೆ ಬಿತ್ತು, ಕುರ್ಚಿಯೂ ಸಿಕ್ಕಿತು. ರೂಪಾ ಎದ್ದು ಹೊರಗೆ ಹೋದಳು. ಆ ಹೊತ್ತಿಗೆ ಯಮುನಾಬಾಯಿ ಬೆಟ್ಟದ ಬುಡದಲ್ಲಿ ತನ್ನವರ ನಡುವೆ ಕೂತಿದ್ದಳು. ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ.