ಕಾರಿನ ಕಿವಿ

"ಆ ಡಬ್ಬದಲ್ಲಿ ಹುಡುಕಬೇಡಿ ಅತ್ತೆ, ಕೀ ನನ್ನ ಜೇಬಲ್ಲಿದೆ" ಎಂದು ಅಳಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುವಷ್ಟರಲ್ಲಿ ಆಕೆ ಸಕ್ಕರೆ ಡಬ್ಬಕ್ಕೂ ಕೈ ಹಾಕಿಯಾಗಿತ್ತು.

ಬೆರಳಿಗೆ ಅಂಟಿದ ಸಕ್ಕರೆಯನ್ನು ಕೊಡವಿಕೊಂಡು ಆಕೆ ಅಂಗೈ ಚಾಚಿದಳು. "ಕೊಡಿ ಇಲ್ಲಿ."

"ಇವತ್ತೊಂದು ದಿನ ನಾನು ಓಡಿಸ್ತೀನಿ. ನೀವು ಪಕ್ಕದಲ್ಲಿ ಆರಾಮಾಗಿ ಕೂತ್ಕೊಳ್ಳಿ."

"ಇವತ್ತೊಂದು ದಿನಾನೇ ನಾನು ಓಡಿಸ್ಬೇಕಾಗಿರೋದು. ಉಳಿದ ದಿನ ಬೇಕಾದ್ರೆ ನೀವೇ ಓಡಿಸಿ."

ನಿನ್ನೆ ಮಧ್ಯಾಹ್ನ ಊಟ ಮುಗಿಸಿ, "ಒಂದು ಗಳಿಗೆ ಅಡ್ಡಾಗ್ತೀನಿ" ಎಂದು ಮಲಗಿದ ಗಂಡ ಮತ್ತೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದ ಎಂದು ಬಂದವರೆಲ್ಲ ಹೇಳುತ್ತಿದ್ದರು. ತನಗಾದರೂ ಸ್ವಲ್ಪ ತೊಂದರೆ ಕೊಟ್ಟು ಹೋಗಬಾರದಿತ್ತೇ ಎಂದು ಆಕೆಗೆ ಅನಿಸುತ್ತಿತ್ತು. ಬೆಳಗಿನಿಂದ ಆಕೆ ಕೇಳಿದ್ದು ಒಂದೇ. ಗುಡ್ಡದ ಮೇಲಿನ ಸ್ಮಶಾನದವರೆಗೆ, ಅವರನ್ನು ಒಯ್ಯುವ ವ್ಯಾನಿನ ಹಿಂದೆ, ತನ್ನ ಕಾರನ್ನು ತಾನೇ ಓಡಿಸಬೇಕು. ಗಂಡನ ಕಣ್ಣು ಮಂಜಾದ ಮೇಲೆ ಅವರನ್ನು ಎಲ್ಲ ಕಡೆ ಕರೆದೊಯ್ದವಳು ಆಕೆಯೇ. ಕೊನೆಯ ಸಲ ಮಾತ್ರ ಗಂಟುಮೂಟೆಯ ಹಾಗೆ ಪಕ್ಕದ ಸೀಟಿನಲ್ಲಿ ಕೂತು ಹೋಗುವುದು ಆಕೆಗೆ ಬೇಡವಾಗಿತ್ತು.

ಸದ್ದು ಕೇಳಿ ಗಂಡನ ಅಕ್ಕ ಒಳಗೆ ಬಂದರು. "ತಲೆಗಿಲೆ ಕೆಟ್ಟಿದೆಯೇನೇ? ಗಂಡ ಮುಂದಿನ ಗಾಡೀಲಿ ಮಲಗಿರ್ತಾನೆ, ಹೆಂಡತಿ ಹಿಂದೆ ಸ್ಟೀರಿಂಗ್ ತಿರುಗಿಸ್ಕೊಂಡು ಬರ್ತಾಳೆ! ನೋಡಿದವರು ಏನಂದ್ಕೋತಾರೆ?"

"ಕಾರಿಗೆ ಡ್ರೈವರ್ ಇದ್ದಾಳೆ ಅಂದ್ಕೋತಾರೆ ಅತ್ತಿಗೆ."

ಅತ್ತಿಗೆ ಸೆರಗು ಕೊಡವಿಕೊಂಡು ನಡುಮನೆಗೆ ಹೊರಟರು. ಆದರೆ ಅಳಿಯನ ಜೇಬು ಬಿಚ್ಚಲಿಲ್ಲ.

ನಡುಮನೆಯಲ್ಲಿ ಹಳೆಯ ಗೆಳೆಯರ ಗುಂಪಿನ ನಡುವೆ ಗ್ಯಾರೇಜಿನವನು ಕೂತಿದ್ದ. ಗಂಡನ, ಲೋಹ ಕಡೆಯುವ ಲೇತ್ ವರ್ಕ್‌ಶಾಪಿಗೂ ಅವನ ಗ್ಯಾರೇಜಿಗೂ ಒಂದೇ ಗೋಡೆ. ಆ ಗೋಡೆಯ ಎರಡೂ ಬದಿಯಿಂದ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಮುದುಕರಾಗಿದ್ದರು. ಗಂಡನಿಗೆ 'ಕೂದಲೆಳೆ' ಎಂದು ಹೆಸರಿಟ್ಟವನೂ ಅವನೇ.

"ಯಾವ ಸಾಮಾನು ತಂದ್ಕೊಟ್ರೂ ಅದೇ ಮಾತು, 'ಒಂದು ಕೂದಲೆಳೆ ಜಾಸ್ತಿ ಆಯ್ತು, ಒಂದು ಕೂದಲೆಳೆ ಕಮ್ಮಿ ಆಯ್ತು.' ತಲೆ ಮೇಲೆ ನೋಡಿದ್ರೆ ಒಂದೆಳೆಯೂ ಇಲ್ಲ! ನಾನೇ ಕೇಳ್ದೆ, ಲೋ ಮಾರಾಯ, ಅಳತೆಗೆ ಅಂತ ಎಲ್ಲಾ ಕಿತ್ತು ಖರ್ಚು ಮಾಡ್ಬಿಟ್ಯಾ ಅಂತ." ಹೇಳುತ್ತಾ ಅವನು ಮೂಗೊರೆಸಿಕೊಂಡ. ಅಳುತ್ತಿದ್ದವರು ನಕ್ಕುಬಿಟ್ಟರು. ನಗಬಾರದೆಂದು ತುಟಿ ಕಚ್ಚಿದ್ದ ಅತ್ತಿಗೆಯ ಭುಜವೂ ಕುಲುಕುತ್ತಿತ್ತು.

*

ಕಾರೇನೂ ದೊಡ್ಡದಲ್ಲ. ಬೀದಿಗೆ ಹತ್ತು ಕಾಣಸಿಗುವಂಥದ್ದು, ತರಕಾರಿ ತರುವುದಕ್ಕೂ ಅದೇ, ಆಸ್ಪತ್ರೆಗೂ ಅದೇ. ಗೇರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಆಕೆಯ ಹೊಲಿಗೆ ಅಂಗಡಿಯಿದ್ದದ್ದು ಮೇಲಿನ ಬಡಾವಣೆಯಲ್ಲಿ. ಆ ಏರಿನಲ್ಲಿ ಮಾತ್ರ ಯಾವ ಗೇರು ಎಂದು ತಿಳಿಯದೆ ಕಾರು ಮೀನಮೇಷ ಎಣಿಸುತ್ತಿತ್ತು. ಹಾಗಾದಾಗ ಕೈಯಲ್ಲೇ ಬದಲಿಸಲೆಂದು ಸ್ಟೀರಿಂಗಿನ ಹಿಂದೆ ಆಚೆ ಈಚೆ ಎರಡು ಪುಟ್ಟ ಪ್ಲಾಸ್ಟಿಕ್ ಪಟ್ಟಿಗಳಿದ್ದವು. ಆಯುಷ್ಯವೆಲ್ಲ ಕತ್ತರಿ ಹಿಡಿದು ಸೊಟ್ಟಗಾದ ಆಕೆಯ ಬೆರಳುಗಳು ಅಲ್ಲಿಯವರೆಗೆ ಚಾಚುತ್ತಲೇ ಇರಲಿಲ್ಲ.

ಗಂಡನ ಕಣ್ಣು ಇನ್ನೂ ಚುರುಕಾಗಿದ್ದ ಕಾಲದಲ್ಲಿ, ಒಂದು ದಿನ ಆಕೆ ಬಟ್ಟೆ ಮಡಚುತ್ತಿದ್ದಾಗ ಅವರು ಸುಮ್ಮನೆ ಬಂದು ಕೈ ಹಿಡಿದುಕೊಂಡರು. ಅಳತೆ ಮಾಡುವ ಕ್ಯಾಲಿಪರ್ ಅನ್ನು ಬೆರಳಿಗೆ ಕಚ್ಚಿಸಿದರು.

"ಈ ವಯಸ್ಸಲ್ಲಿ ಉಂಗುರಾನಾ?" ಆಕೆಯ ಮುಖ ಅರಳಿತು.

"ಅಲ್ಲ ಕಣೇ, ಗೇರು."

ಮೂರು ಊಟದ ಹೊತ್ತು ಆಕೆ ಅವರ ಜೊತೆ ಮಾತು ಬಿಟ್ಟಳು. ಅವರಿಗೆ ಅದು ಗೊತ್ತೇ ಆಗಲಿಲ್ಲ, ತಲೆಯ ತುಂಬ ಅಲ್ಯೂಮಿನಿಯಮ್ಮೇ ಇತ್ತು. ಕೊನೆಗೆ ತಡೆಯಲಾರದೆ ಆಕೆಯೇ, "ನೇರ ಲೋಹಕ್ಕೆ ಕೈ ಹಾಕಬೇಡಿ, ಮೊದಲು ಕಾಗದದಲ್ಲಿ ಕತ್ತರಿಸಿ ನೋಡಿ" ಎಂದಳು. ಕಾಗದವಾಯಿತು, ರಟ್ಟಾಯಿತು, ಆಮೇಲೆ ಅಲ್ಯೂಮಿನಿಯಂ ತಗಡು. ಗರಗಸದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ, ಆಕೆಯ ಅಂಗಡಿಯಿಂದಲೇ ರೇಷ್ಮೆಯ ತುಂಡೊಂದನ್ನು ಕದ್ದು ತಂದು ಅಂಚಿನ ಮೇಲೆ ಎಳೆದು ನೋಡುತ್ತಿದ್ದರು. ಒಂದು ದಾರ ಸಿಕ್ಕಿಕೊಂಡರೂ ಮತ್ತೆ ಅರಕ್ಕೆ.

"ಯಾವುದು ಏರಿಸೋದು, ಯಾವುದು ಇಳಿಸೋದು ಅಂತ ಗುರುತು ಹಾಕಲ್ವಾ?"

"ನಿನ್ನ ಬೆರಳಿಗೆ ಓದೋಕೆ ಬರುತ್ತಾ? ಬೇಡ ಬಿಡು."

ಕೂರಿಸಿದ ದಿನ ನೋಡಿದರೆ, ಸ್ಟೀರಿಂಗಿನ ಎರಡೂ ಬದಿಗೆ ಅಗಲವಾದ, ನುಣ್ಣನೆಯ, ಬಾಗಿದ ಎರಡು ಹಾಳೆಗಳು. "ಅಯ್ಯೋ, ಕಾರಿಗೆ ಕಿವಿ ಬಂದಿದೆ!" ಎಂದಳು ಆಕೆ. ಅಂದಿನಿಂದ ಆ ಮನೆಯಲ್ಲಿ ಗೇರು ಬದಲಿಸುವುದಕ್ಕೆ ಕಿವಿ ಹಿಂಡುವುದು ಎಂದೇ ಹೆಸರಾಯಿತು.

*

ವ್ಯಾನು ಮುಂದೆ ಹೊರಟಿತು. ಹಿಂದೆ ಆಕೆಯ ಕಾರು, ಚಾಲಕನ ಸೀಟಿನಲ್ಲಿ ಅಳಿಯ. ಆಕೆ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಹಿಂದಿನ ಸೀಟಿನಲ್ಲಿ ಮಗಳು, ಅತ್ತಿಗೆ. ಅದರ ಹಿಂದೆ ಗ್ಯಾರೇಜಿನವನ ಜೀಪು, ಉಳಿದವರ ಗಾಡಿಗಳು.

ಸಪಾಟು ರಸ್ತೆಯಲ್ಲಿ ಎಲ್ಲ ಸರಿಯಾಗಿತ್ತು. ಏರು ಶುರುವಾದದ್ದೇ ಕಾರು ತಡವರಿಸಿತು. ಅಳಿಯ ಎಲ್ಲ ಬಲ್ಲವನ ಹಾಗೆ ಎಡಗಿವಿ ಹಿಂಡಿದ. ಕಾರು ಗೊರಗೊರ ಎಂದು ಇನ್ನೂ ಸೊರಗಿತು. ಇನ್ನೊಮ್ಮೆ ಹಿಂಡಿದ. ಕಾರು ಕೆಮ್ಮಿ, ಅಲುಗಾಡಿ, ಇನ್ನೇನು ಹಿಂದಕ್ಕೆ ಜಾರುತ್ತದೆ ಎನ್ನುವಂತಾಯಿತು.

"ಇದಕ್ಕೇನಾಯ್ತು? ಎಡಗಡೇದು ಗೇರ್ ಇಳಿಸ್ಬೇಕು ತಾನೇ?"

ಆಕೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು, "ಬೇರೆ ಕಾರಲ್ಲಿ."

*

ಕಿವಿ ಕೂರಿಸಿದ ಮೇಲೆ ಮೊದಲ ಸಲ ಓಡಿಸಿದ ದಿನ, ಖಾಲಿ ಮೈದಾನದಲ್ಲಿ, ಗಂಡ ಪಕ್ಕದಲ್ಲಿ ಕೂತು ಅಪ್ಪಣೆ ಕೊಟ್ಟಿದ್ದರು. "ಈಗ ಬಲಗಿವಿ ಹಿಂಡು, ಮೇಲಿನ ಗೇರು." ಹಿಂಡಿದಳು. ಗೇರು ಕೆಳಗಿಳಿದು ಕಾರು ಗುರ್ರೆಂದು ಎಗರಿತು. ಎಡಗಿವಿ ಹಿಂಡಿದರೆ ಸಮಾಧಾನವಾಯಿತು.

ಗಂಡನ ಮುಖ ಬಿಳಿಚಿಕೊಂಡಿತು. ವಿಷಯ ಇಷ್ಟೆ. ಗ್ಯಾರೇಜಿನವನು ಸ್ಟೀರಿಂಗ್ ಬಿಚ್ಚಿ ತಂದುಕೊಟ್ಟಿದ್ದ. ಇವರು ಅದನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಮಲಗಿಸಿ, ಬೆನ್ನ ಕಡೆಯಿಂದ ನೋಡುತ್ತಾ ಸ್ವಿಚ್ಚುಗಳ ವೈರು ಬೆಸೆದಿದ್ದರು. ಬೆನ್ನ ಕಡೆಯಿಂದ ಎಡವಾಗಿ ಕಂಡದ್ದು ಮುಂದಿನಿಂದ ಬಲ.

ಆಕೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ನಾನು ಬಟ್ಟೆಯ ಒಳಮೈ ನೋಡದೆ ಎರಡೂ ಎಡತೋಳೇ ಕತ್ತರಿಸಿದಾಗ ಒಂದು ವಾರ ಆಡಿಕೊಂಡಿದ್ರಲ್ಲ! ಈಗ ಏನಂತೀರಿ ಕೂದಲೆಳೆಯವರೇ?"

"ಇವತ್ತೇ ಬಿಚ್ಚಿ ಸರಿ ಮಾಡ್ತೀನಿ" ಎಂದು ಅವರು ಗೊಣಗಿದರು.

"ಮುಟ್ಟಿದ್ರೆ ನೋಡಿ! ಮದುವೆಯಾದಾಗಿನಿಂದ ನನ್ನ ತಪ್ಪೆಲ್ಲ ನಿಮ್ಮ ಹತ್ರ ಇದೆ. ನಿಮ್ಮದೊಂದಾದ್ರೂ ನನ್ನ ಹತ್ರ ಇರಲಿ."

ಕೊನೆಗೆ ಅವರೂ ನಕ್ಕರು. ಮನೆ ತಲುಪುವಷ್ಟರಲ್ಲಿ ಆಕೆಯ ಬೆರಳುಗಳು ಆ ತಪ್ಪನ್ನು ಬಾಯಿಪಾಠ ಮಾಡಿಕೊಂಡಿದ್ದವು. ಆಮೇಲೆ ಆ ಕಾರು ಆಕೆಯದು ಮಾತ್ರ. ಎಷ್ಟು ಸಲ ಹೇಳಿಕೊಟ್ಟರೂ ಗಂಡನಿಗೇ ಅದು ಕೈಗೆ ಕೂರಲಿಲ್ಲ.

*

ಹಿಂದೆ ಗಾಡಿಗಳು ಸಾಲಾಗಿ ನಿಂತವು. ವ್ಯಾನು ದೂರದ ತಿರುವಿನಲ್ಲಿ ಮರೆಯಾಗುತ್ತಿತ್ತು. ಗ್ಯಾರೇಜಿನವನು ಜೀಪಿನಿಂದ ಕತ್ತು ಹೊರಗೆ ಹಾಕಿ ಕೂಗಿದ, "ಯಾರಪ್ಪಾ ಅದು ಆ ಕಾರಿನ ಕಿವಿ ಮುಟ್ಟಿದ್ದು? ಮನೆಯೊಡತಿಗೆ ಕೊಡ್ರೀ!"

"ಇಳೀರಿ ಅಳಿಯಂದಿರೇ" ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಖುಷಿ ಇತ್ತು. ಗಂಡ ಹೋದ ಮೇಲೆ ಮೊದಲ ಬಾರಿಗೆ ಆಕೆಗೆ ಹಾಗನಿಸಿತು, ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಅಳಿಯ ಕಿವಿಯವರೆಗೆ ಕೆಂಪಾಗಿ ಇಳಿದು ಸುತ್ತಿಕೊಂಡು ಬಂದ. ಆಕೆ ಚಾಲಕನ ಸೀಟಿಗೆ ಸರಿದು ಅದನ್ನು ಮುಂದೆಳೆದುಕೊಂಡಳು. ಸೊಟ್ಟ ಬೆರಳುಗಳು ತಣ್ಣನೆಯ ಲೋಹದ ಮೇಲೆ ಹೋಗಿ ಕೂತವು. ಅವರು ಉಜ್ಜಿದ ಅಂಚು, ತನ್ನ ಬೆರಳಿನ ಅಳತೆ. ಬಲಗಿವಿ ಹಿಂಡಿದಳು. ಕಾರು ಉಸಿರೆಳೆದುಕೊಂಡು ಏರನ್ನು ಗಬಗಬ ನುಂಗತೊಡಗಿತು. ಹಿಂದಿನಿಂದ ಮಗಳು ಅಮ್ಮನ ಭುಜ ಅಮುಕಿದಳು.

ಎರಡು ತಿರುವು ಕಳೆದಾಗ ವ್ಯಾನು ಸಿಕ್ಕಿತು. ಅದರ ಸ್ಥಿತಿಯೂ ಹೇಳಿಕೊಳ್ಳುವ ಹಾಗಿರಲಿಲ್ಲ. ಇಂಜಿನ್ನು ಕಾದು ಹೊಗೆ ಬಿಡುತ್ತಾ ಆಮೆಯಂತೆ ತೆವಳುತ್ತಿತ್ತು. ಅದರ ಡ್ರೈವರ್ ಪಕ್ಕಕ್ಕೆ ಸರಿದು, ಕೈ ಹೊರಗೆ ಚಾಚಿ, ಮುಂದೆ ಹೋಗಿ ಎಂದು ಬೀಸಿದ.

ಆಕೆಯ ಕಾಲು ಬ್ರೇಕಿನ ಮೇಲೆ ಹೋಯಿತು. "ಅವರನ್ನ ದಾಟೋದಾ?"

ಮಗಳು ಮುಂದಕ್ಕೆ ಬಾಗಿ ವ್ಯಾನನ್ನು ನೋಡಿದಳು. ಆಗ ಹಿಂದಿನ ಸೀಟಿನಿಂದ ಅತ್ತಿಗೆಯ ದನಿ ಬಂತು.

"ದಾಟೇ, ಏನ್ ನೋಡ್ತೀಯ! ಅವನದ್ದು ಹುಟ್ಟಿದಾಗಿನಿಂದ ನಿಧಾನವೇ. ಅವನನ್ನ ಕಾಯ್ತಾ ಕೂತ್ರೆ ನಾವೆಲ್ಲ ಇಲ್ಲೇ ಮುದುಕರಾಗ್ತೀವಿ."

ಆಕೆ ಬಲಗಿವಿಯನ್ನು ಬಲವಾಗಿ ಹಿಂಡಿದಳು. ಕಾರು ಗುಡುಗಿ ಮುನ್ನುಗ್ಗಿತು. ವ್ಯಾನಿನ ಉದ್ದಕ್ಕೂ ಸರಿಯುವಾಗ ಆಕೆ ಅದರ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ರಸ್ತೆಗೆ ಕಣ್ಣು ನೆಟ್ಟಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವೂ ಇತ್ತು. ಹಿಂದೆ ಗ್ಯಾರೇಜಿನವನ ಜೀಪು ಉದ್ದಕ್ಕೆ ಹಾರ್ನ್ ಬಾರಿಸಿತು, ಅದರ ಹಿಂದಿನವರೂ ಬಾರಿಸಿದರು. ಗುಡ್ಡದ ಮೇಲೆ ಮದುವೆ ದಿಬ್ಬಣವೇ ಬಂದಂತಿತ್ತು.

ಸ್ಮಶಾನದ ಗೇಟು ಕಿರಿದು. ಕಡೆಗೂ ಏದುತ್ತಾ ಮೇಲೆ ಬಂದ ವ್ಯಾನು ಹಿಮ್ಮುಖವಾಗಿಯೇ ಒಳಗೆ ಹೋಗಬೇಕಿತ್ತು. ಅಷ್ಟರಲ್ಲಿ ಕಾರು ನಿಲ್ಲಿಸಿ ಇಳಿದಿದ್ದ ಆಕೆ ಗೇಟಿನೊಳಗೆ, ಡ್ರೈವರನ ಕನ್ನಡಿಗೆ ಕಾಣುವ ಹಾಗೆ ನೆಟ್ಟಗೆ ನಿಂತಿದ್ದಳು. ಎರಡೂ ಕೈಗಳನ್ನು ಮೇಲೆತ್ತಿ, ವ್ಯಾನಿನ ಹಿಂಬಾಗಿಲನ್ನೇ ನೋಡುತ್ತಾ, ಬೆರಳುಗಳನ್ನು ತನ್ನ ಕಡೆಗೆ ಮಡಚಿ ಮಡಚಿ ಕರೆಯುತ್ತಿದ್ದಳು.

"ಬನ್ನಿ... ಬನ್ನಿ... ನಾನಿದ್ದೀನಿ, ಬನ್ನಿ..."