ಅರುಣಕ್ಕನ ಕೈ

ಪಂಜ ಕುಸ್ತಿಯನ್ನು ಒಲಿಂಪಿಕ್ಸಿಗೆ ಸೇರಿಸುವವರು ಯಾರು ಎಂಬ ಜಗಳ ಕೋಲಾರ ಜಿಲ್ಲೆಗೆ ಬರುವ ಮುಂಚೆ, ಮಾರಿಕುಪ್ಪಂ ಗಾಡಿಯ ಲೇಡೀಸ್ ಬೋಗಿಯಲ್ಲಿ ಆ ಆಟಕ್ಕೆ ಇದ್ದದ್ದು ಒಂದೇ ಕಾನೂನು. ಎದುರಿನವಳ ಕೈ ಮಣಿಸಿದವಳಿಗೆ ಕಿಟಕಿ ಪಕ್ಕದ ಸೀಟು. ಅಷ್ಟೇ. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಶಾಲು ಹಾರ ಒಂದೂ ಇಲ್ಲ.

ಅದನ್ನು ಶುರು ಮಾಡಿದವಳು ಅಮ್ಮಾಜಮ್ಮ. ಬೆಳಗ್ಗೆ ಬೆಂಗಳೂರಿಗೆ ಕ್ರೇಟಿನಲ್ಲಿ ಸೊಪ್ಪು ಒಯ್ದು, ಸಂಜೆ ಖಾಲಿ ಕ್ರೇಟಿನೊಂದಿಗೆ ವಾಪಸಾಗುವ ಈ ಹೆಂಗಸಿಗೆ ಗಾಡಿಯಲ್ಲಿ ಒಂದು ನಿದ್ದೆ ತೆಗೆಯುವುದೇ ದೊಡ್ಡ ಸುಖ. ಒಂದು ಸಂಜೆ ವೈಟ್‌ಫೀಲ್ಡಿನಲ್ಲಿ ಹತ್ತಿದ ಇಬ್ಬರು ಒಂದೇ ಸೀಟಿಗಾಗಿ ಅವಳ ತಲೆಯ ಮೇಲೆಯೇ ಕೂಗಾಡತೊಡಗಿದರು. ಅವಳು ಕಣ್ಣು ಬಿಟ್ಟು, ಕ್ರೇಟನ್ನು ಬೋರಲು ಹಾಕಿ, ಬಾಯಿ ಮುಚ್ಚಿಕೊಂಡು ಕೈಯಲ್ಲಿ ತೀರಿಸಿಕೊಳ್ಳಿ ಎಂದಳು. ಇಬ್ಬರಲ್ಲಿ ಚಿಕ್ಕವಳು ಮಾರಿಕುಪ್ಪಂನ ಇಂದ್ರಾಣಿ, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ದೊಡ್ಡವಳು ಬೂದಿಕೋಟೆಯ ಅರುಣಕುಮಾರಿ, ಔಷಧಿ ಕಂಪನಿಯಲ್ಲಿ ಪ್ಯಾಕಿಂಗು. ಕೆಲಸಕ್ಕೆ ಹೊರಡುವ ಮುಂಚೆ ಮನೆಯ ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಬಂಗಾರಪೇಟೆಗೆ ಬಸ್ಸು ಹಿಡಿಯುವವಳು. ಹಾಲು ಕರೆಯುವ ಕೈಯ ಮುಂದೆ ಹೊಲಿಗೆಯ ಕೈ ಎಷ್ಟು ಹೊತ್ತು ನಿಂತೀತು? ಇಂದ್ರಾಣಿ ಸೋತಳು.

ಸೋತದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಾರಣ ಹೇಳಿದರೆ ಬೋಗಿಯವರು ನಗುತ್ತಿದ್ದರೋ ಏನೋ. ಹಳ್ಳಿಯ ದೊಡ್ಡ ಮನೆಯ ಹೆಣ್ಣೊಬ್ಬಳು, ನಿಮ್ಮದು ಯಾವ ಊರು, ಯಾವ ಜನ ಎಂದು ಒಂದು ಮಾತೂ ಕೇಳದೆ, ಅವಳ ಬೆವೆತ ಕೈಯನ್ನು ತನ್ನ ಬೆವೆತ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಇಂದ್ರಾಣಿಯ ಅಜ್ಜಿಯ ತವರು ಕಾಮಸಮುದ್ರದ ಕಡೆ. ಅಲ್ಲಿಗೆ ಹೋದಾಗ ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಹಲಗೆಯ ಮೇಲೆ ಇಡುವ ಅಂಗಡಿಯೊಂದು ಇವತ್ತಿಗೂ ಇದೆ. ಅರುಣಕುಮಾರಿ ಆ ಸಂಜೆ ಸೀಟು ಗೆದ್ದು, ಕಿಟಕಿಯ ಬಳಿ ಕೂತು, ಒಂಚೂರು ಸರಿದು ಇವಳಿಗೂ ಜಾಗ ಮಾಡಿದಳು. ಇಂದ್ರಾಣಿಗೆ ಅವಳು ಅಂದಿನಿಂದ ಅರುಣಕ್ಕ.

ಇಬ್ಬರೂ ರಾಬರ್ಟ್‌ಸನ್‌ಪೇಟೆಯಲ್ಲಿ ಮುನಿಸ್ವಾಮಪ್ಪನ ಗರಡಿ ಸೇರಿದರು. ಪಂಜ ಕುಸ್ತಿ ಒಬ್ಬರೇ ಕಲಿಯುವ ವಿದ್ಯೆಯಲ್ಲ. ಓಟಗಾರನಿಗೆ ರಸ್ತೆಯಾದರೂ ಸಾಕು, ಇಲ್ಲಿ ಎದುರಿಗೆ ಇನ್ನೊಂದು ಕೈ ಇರಲೇಬೇಕು, ಅದೂ ಸಮಬಲದ ಕೈ. ಇಂದ್ರಾಣಿಗೆ ಅರುಣಕ್ಕ, ಅರುಣಕ್ಕನಿಗೆ ಇಂದ್ರಾಣಿ. ಜಿಲ್ಲೆಯ ಪಂದ್ಯದಲ್ಲಿ ಚಿನ್ನ ಒಂದು ವರ್ಷ ಬೂದಿಕೋಟೆಗೆ ಹೋದರೆ ಮರುವರ್ಷ ಮಾರಿಕುಪ್ಪಂಗೆ ಬರುತ್ತಿತ್ತು. ಗೆದ್ದವಳು ಸೋತವಳಿಗೆ ಗಾಡಿಯಲ್ಲಿ ವಡೆ ಕೊಡಿಸಬೇಕು, ಅದೇ ಪ್ರಶಸ್ತಿ ಪ್ರದಾನ ಸಮಾರಂಭ.

ಅಷ್ಟರಲ್ಲಿ ದೊಡ್ಡವರ ಜಗಳ ಬಂತು. ಈ ಆಟಕ್ಕೆ ಲೋಕದಲ್ಲಿ ಎರಡು ಸಂಸ್ಥೆಗಳಂತೆ. ಒಲಿಂಪಿಕ್ಸಿಗೆ ಆಟವನ್ನು ಮುಟ್ಟಿಸುವವರು ನಾವೇ ಎಂದು ಎರಡೂ ಹೇಳುತ್ತವಂತೆ. ಲೋಕದಲ್ಲಿ ಎರಡಾದ ಮೇಲೆ ಡೆಲ್ಲಿಯಲ್ಲಿ ಎರಡಾಗದೆ ಇರುತ್ತದೆಯೇ? ಡೆಲ್ಲಿಯಲ್ಲಾದದ್ದು ಬೆಂಗಳೂರಿನಲ್ಲಾಯಿತು, ಬೆಂಗಳೂರಿನಲ್ಲಾದದ್ದು ಮುನಿಸ್ವಾಮಪ್ಪನ ಗರಡಿಯ ಬಾಗಿಲಿಗೆ ಬಂತು. ಅವನ ಬಲಗೈಯಂತಿದ್ದ ವೇಣು, ಬೆಂಗಳೂರಿನ ಇನ್ನೊಂದು ಬಣದ ಮಾತು ಕೇಳಿ, ಒಂದು ಮೇಜು ಹೊತ್ತುಕೊಂಡು ಹೋಗಿ ಬಂಗಾರಪೇಟೆಯ ಕಲ್ಯಾಣ ಮಂಟಪವೊಂದರ ಹಿಂದೆ ಬೇರೆ ಸಂಘ ಕಟ್ಟಿದ. ಎರಡೂ ಕಡೆ ಫ್ಲೆಕ್ಸು, ಎರಡರಲ್ಲೂ ಒಲಿಂಪಿಕ್ಸಿನ ಐದು ಬಳೆಗಳು. ಆಟವನ್ನು ಒಲಿಂಪಿಕ್ಸ್ ಇನ್ನೂ ಕಣ್ಣೆತ್ತಿಯೂ ನೋಡಿಲ್ಲ, ಇಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿಗೆ ಕಿತ್ತಾಟ. ಅರುಣಕ್ಕನಿಗೆ ವೇಣು ಸೋದರತ್ತೆಯ ಮಗ, ಊರಿನ ಬಸ್ಸಿಗೂ ಹತ್ತಿರ. ಅವಳು ಅಲ್ಲಿಗೆ ಹೋದಳು. ಇಂದ್ರಾಣಿ ಮುನಿಸ್ವಾಮಪ್ಪನ ಬಳಿಯೇ ಉಳಿದಳು. ಗಾಡಿ ಒಂದೇ ತಾನೆ, ಕ್ರೇಟು ಒಂದೇ ತಾನೆ ಎಂದು ಇಬ್ಬರೂ ಅಂದುಕೊಂಡಿದ್ದರು.

ಮುನಿಸ್ವಾಮಪ್ಪ ಕೆಟ್ಟ ಮನುಷ್ಯನಲ್ಲ, ಆದರೆ ಹುಡುಗರು ಕಳಚಿಕೊಳ್ಳುತ್ತಾರೆಂಬ ಭಯ ಅವನನ್ನು ಹಿಡಿದಿತ್ತು. ಎಲೆಕ್ಷನ್ನಿನಲ್ಲಿ ಓಟಿಗೆ ಮಾಡಿಸುವುದನ್ನೇ ಅವನೂ ಮಾಡಿಸಿದ. ಒಂದು ಶುಕ್ರವಾರ ಎಲ್ಲರನ್ನೂ ಮುತ್ಯಾಲಮ್ಮನ ಗುಡಿಗೆ ಕರೆದೊಯ್ದು, ಕರ್ಪೂರ ಹಚ್ಚಿಸಿ, ಆ ಕಡೆಯವರ ಕೈ ಮುಟ್ಟುವುದಿಲ್ಲ, ಮುಟ್ಟಿದರೆ ನನ್ನ ಕೈ ಬಿದ್ದುಹೋಗಲಿ ಎಂದು ಆಣೆ ಹಾಕಿಸಿದ. ರಾಜ್ಯ ತಂಡದ ಆಯ್ಕೆ ನಾಡಿದ್ದಲ್ಲ, ಅದರ ಮುಂದಿನ ಭಾನುವಾರ. ಆಯ್ಕೆಯಾದವರಿಗೆ ಡೆಲ್ಲಿ, ಡೆಲ್ಲಿಯಲ್ಲಿ ಗೆದ್ದವರಿಗೆ ವಿಮಾನ. ಇಂದ್ರಾಣಿಯ ಹೆಸರು ಮೊದಲನೆಯದು. ಅವಳು ಕರ್ಪೂರದ ಮೇಲೆ ಕೈಯಾಡಿಸಿದಳು. ಮನಸ್ಸಿನಲ್ಲಿ ಆಗ ವಿಮಾನವಿತ್ತೇ ಹೊರತು ಅರುಣಕ್ಕ ಇರಲಿಲ್ಲ.

ಮರುದಿನ ಬೆಳಗ್ಗೆ ಬಂಗಾರಪೇಟೆಯಲ್ಲಿ ಅರುಣಕ್ಕ ಹತ್ತಿದಳು. ಇಂದ್ರಾಣಿ ತಲೆ ತಗ್ಗಿಸಿ ಆಣೆಯ ವಿಷಯ ಹೇಳಿದಳು. ಅರುಣಕ್ಕ ನಕ್ಕುಬಿಟ್ಟಳು. ಆಹಾ, ವೇಣುವಿಗೂ ಅದೇ ಬುದ್ಧಿ ಬಂದಿತ್ತಂತೆ. ಅವನೂ ತನ್ನವರಿಂದ ಆಣೆ ಹಾಕಿಸಿದ್ದ, ಗುಡಿ ಬೇರೆ, ಅಮ್ಮ ಅದೇ ಮುತ್ಯಾಲಮ್ಮ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ಇಬ್ಬರೂ ತಂತಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಅರುಣಕ್ಕನ ಮನೆಯಲ್ಲಿ ಹಸು ಕರು ಹಾಕಿತ್ತು, ಡಬ್ಬಿಯಲ್ಲಿ ಗಿಣ್ಣು ತಂದಿದ್ದಳು. ಅದನ್ನು ಕೈಗೆ ಕೊಡಲು ಹೋಗಿ, ಬೆರಳು ತಾಕೀತೆಂದು ತಟ್ಟನೆ ನಿಂತು, ಸೀಟಿನ ಮೇಲೆ ಇಟ್ಟಳು. ಇಟ್ಟು, ಕೈ ಹಿಂದಕ್ಕೆಳೆದುಕೊಂಡಳು. ಇಂದ್ರಾಣಿ ಆಮೇಲೆ ಅದನ್ನು ಎತ್ತಿಕೊಂಡಳು. ಗಿಣ್ಣು ಚೆನ್ನಾಗಿಯೇ ಇತ್ತು, ಏಲಕ್ಕಿ ಹಾಕಿದ್ದರು. ಆದರೆ ಎರಡು ತುಂಡು ತಿಂದು ಡಬ್ಬಿ ಮುಚ್ಚಿಬಿಟ್ಟಳು, ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

ವಾರವಿಡೀ ಹಾಗೇ ನಡೆಯಿತು. ಗರಡಿಯಲ್ಲಿ ಎದುರಿಗೆ ಕೂರುವವರು ಇಂದ್ರಾಣಿಗೆ ಸಾಲಲಿಲ್ಲ, ಒಬ್ಬರ ಹಿಡಿತ ಸಡಿಲ, ಒಬ್ಬರದು ಬರೀ ಜರ್ಕು. ಮನೆಗೆ ಬಂದರೆ ಮಂಕಾಗಿ ಕೂರುತ್ತಿದ್ದಳು. ಅವಳ ಅಜ್ಜಿ ಮಾರಿಯಮ್ಮನಿಗೆ ಕಣ್ಣು ಮಂಜು, ಆದರೆ ಮೊಮ್ಮಗಳ ಮುಖ ಕಾಣದಷ್ಟು ಮಂಜಲ್ಲ. ಗಣಿ ಕಾರ್ಮಿಕರ ಲೈನ್ ಮನೆಯ ಬಾಗಿಲಲ್ಲಿ ಕೂತು ಅವರೆಕಾಳು ಹಿದುಕುತ್ತಾ, ಏನಾಯಿತೆಂದು ಕೇಳಿದಳು. ಇಂದ್ರಾಣಿ ಒಲಿಂಪಿಕ್ಸಿನಿಂದ ಹಿಡಿದು ಗಿಣ್ಣಿನ ಡಬ್ಬಿಯವರೆಗೆ ಎಲ್ಲ ಹೇಳಿದಳು.

ಮುದುಕಿ ಕಾಳಿನ ಮೊರವನ್ನು ಪಕ್ಕಕ್ಕಿಟ್ಟಳು. ತವರಿನಲ್ಲಿ ಕಳೆ ಕೀಳಲು ಹೋಗುತ್ತಿದ್ದಾಗ ಗೌಡರ ಮನೆಯಲ್ಲಿ ತನ್ನದೇ ವಯಸ್ಸಿನ ಹುಡುಗಿಯೊಬ್ಬಳಿದ್ದಳು ಎಂದಳು. ಒಳ್ಳೆಯ ಹುಡುಗಿ, ಹುಣಸೆಹಣ್ಣು ಕೊಡುತ್ತಿದ್ದಳು, ಮೇಲಿನಿಂದ ಬಿಡುತ್ತಿದ್ದಳು, ತಾನು ಬೊಗಸೆಯೊಡ್ಡಿ ಹಿಡಿಯಬೇಕಿತ್ತು. ನೀರೂ ಹಾಗೇ. ಇಷ್ಟು ಹೇಳಿ ಮೊಮ್ಮಗಳ ಕಡೆ ತಿರುಗಿದಳು.

"ನಮ್ ಕಾಲ್ದಾಗೆ ಮುಟ್ಬಾರ್ದು ಅಂತ ಯಾರೂ ಆಣೆ ಆಕಿಸ್ಕಂಡಿರ್ಲಿಲ್ಲ ಕಣಮ್ಮ. ಆಣೆ ಇಲ್ದೇನೇ ಮುಟ್ತಿರ್ಲಿಲ್ಲ. ನಿಂಗೆ ಓಗ್ ಓಗಿ ಒಂದ್ ಕೈ ಸಿಕ್ತು. ಅದನ್ನ ದೇವ್ರ ಮುಂದೆ ನಿಂತ್ಕಂಡು ನೀನೇ ಬಿಟ್ಟು ಬಂದ್ಯಾ?"

ಬೈದಿದ್ದರೆ ಇಂದ್ರಾಣಿ ತಡೆದುಕೊಳ್ಳುತ್ತಿದ್ದಳು. ಮುದುಕಿಯ ದನಿಯಲ್ಲಿ ಬೈಗುಳ ಇರಲಿಲ್ಲ, ಸಂಕಟವಿತ್ತು. ಇಂದ್ರಾಣಿ ಒಳಗೆ ಹೋಗಿ, ಮುಖಕ್ಕೆ ನೀರು ಹಾಕಿಕೊಳ್ಳುವ ನೆವದಲ್ಲಿ ಅತ್ತಳು.

ಮರುದಿನ ಬೆಳಗ್ಗೆ ಗಾಡಿಯಲ್ಲಿ ಅಮ್ಮಾಜಮ್ಮನ ಬಳಿ ಕ್ರೇಟು ಕೇಳಿದಳು. ಅದರ ತುಂಬ ದಂಟು, ಕೊತ್ತಂಬರಿ. ಅಮ್ಮಾಜಮ್ಮ ಹೊತ್ತಿಲ್ಲ ಗೊತ್ತಿಲ್ಲ ಎಂದು ಗೊಣಗುತ್ತಲೇ ಸೊಪ್ಪನ್ನೆಲ್ಲ ಮಡಿಲಿಗೆ ಸುರಿದುಕೊಂಡಳು. ಬಂಗಾರಪೇಟೆಯಲ್ಲಿ ಅರುಣಕ್ಕ ಹತ್ತಿದಾಗ ಇಂದ್ರಾಣಿ ಬೋರಲು ಕ್ರೇಟಿನ ಮೇಲೆ ಮೊಳಕೈಯೂರಿ, ಅಂಗೈ ಬಿಚ್ಚಿ ಕೂತಿದ್ದಳು.

ಅರುಣಕ್ಕ ನಿಂತೇ ಇದ್ದಳು. ಅವಳಿಗೆ ವೇಣುವಿನ ಭಯವಿರಲಿಲ್ಲ, ದೇವರ ಭಯವಿತ್ತು. ಮನೆಯಲ್ಲಿ ಚಿಕ್ಕ ಮಗುವಿದೆ, ಆಣೆ ತಪ್ಪಿದರೆ ಏನಾಗುತ್ತದೋ ಎಂದು ಮೆಲ್ಲಗೆ ಹೇಳಿದಳು. ಅದೂ ಸುಳ್ಳಲ್ಲ, ತಾಯಿಯಾದವಳ ಭಯಕ್ಕೆ ಯಾರು ಏನು ಹೇಳಿಯಾರು?

"ಆಣೆ ನನ್ ತಲೆ ಮೇಲಿರ್ಲಿ ಅಕ್ಕ, ನಾನೇ ಮುಟ್ತೀನಿ, ನೀನ್ ಸುಮ್ನಿರು," ಎಂದಳು ಇಂದ್ರಾಣಿ. "ನೀನು ಡಬ್ಬೀನ ಸೀಟ್ ಮೇಲೆ ಇಟ್ಯಲ್ಲ, ನಮ್ಮಜ್ಜಿಗೆ ಇಂಗೇ ಇಡ್ತಿದ್ರಂತೆ."

ಅರುಣಕ್ಕನ ಮುಖ ಬಿಳುಚಿಕೊಂಡಿತು. ಅವಳಿಗೆ ಅದು ಹೊಳೆದೇ ಇರಲಿಲ್ಲ. ಬೂದಿಕೋಟೆಯ ತನ್ನ ಮನೆಯ ಹಿತ್ತಲಲ್ಲಿ ತನ್ನ ಅತ್ತೆ ಯಾರಿಗೆ ಹೇಗೆ ಏನು ಕೊಡುತ್ತಾಳೆಂಬುದೂ ಅವಳಿಗೆ ಗೊತ್ತಿತ್ತು, ಅದನ್ನು ನೋಡಿಯೂ ನೋಡದಂತೆ ಇದ್ದದ್ದೂ ಗೊತ್ತಿತ್ತು.

"ಅಯ್ಯೋ ಕೂಸೇ," ಎಂದಷ್ಟೇ ಅವಳ ಬಾಯಿಂದ ಬಂದದ್ದು. ಬ್ಯಾಗನ್ನು ಅಲ್ಲೇ ಬಿಟ್ಟು, ನೆಲದ ಮೇಲೆಯೇ ಕೂತು, ಇಂದ್ರಾಣಿಯ ಕೈ ಹಿಡಿದಳು. ಆಟಕ್ಕೆ ಹಿಡಿಯುವಂತೆಯೇ ಹಿಡಿದಳು, ಹೆಬ್ಬೆರಳು ಬಿಗಿದು. ಇಬ್ಬರೂ ಅಳುತ್ತಾ ಎಳೆದಾಡಿದರು. ಟೇಕಲ್ ದಾಟಿದರೂ ಯಾವ ಕೈಯೂ ಮಣಿಯಲಿಲ್ಲ. ಅಮ್ಮಾಜಮ್ಮ ಮಾತ್ರ ಕೊತ್ತಂಬರಿ ಬಾಡುತ್ತದೆ, ಬೇಗ ಮುಗಿಸಿ ಎಂದು ಗದರುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಮಧ್ಯಾಹ್ನದೊಳಗೆ ಅದು ಎರಡೂ ಸಂಘಗಳ ವಾಟ್ಸಾಪ್ ಗುಂಪಿಗೆ ತಲುಪಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗಾಯಿತು. ಬೇರೆ ಯಾವುದರಲ್ಲೂ ಒಂದಾಗದ ಎರಡು ಸಂಘಗಳು ಇದೊಂದರಲ್ಲಿ ಒಂದಾಗಿ, ಇಬ್ಬರನ್ನೂ ಹೊರಗಿಟ್ಟವು. ಸಂಜೆ ಮುನಿಸ್ವಾಮಪ್ಪ ತಾನೇ ಇಂದ್ರಾಣಿಯ ಮನೆಗೆ ಬಂದ. ತಪ್ಪುಕಾಣಿಕೆ ಕಟ್ಟಿ ಇನ್ನೊಮ್ಮೆ ಆಣೆ ಮಾಡಿದರೆ ಭಾನುವಾರ ಕರೆದೊಯ್ಯುತ್ತೇನೆ, ನಿನ್ನಂಥ ಕೈ ನನ್ನ ಗರಡಿಯಲ್ಲಿ ಇನ್ನೊಂದಿಲ್ಲ ಎಂದ. ನಿಜವಾಗಿಯೂ ಬೇಸರವಾಗಿತ್ತು ಅವನಿಗೆ. ಇಂದ್ರಾಣಿ ಟೀ ಕೊಟ್ಟಳು, ತಪ್ಪುಕಾಣಿಕೆ ಕಟ್ಟುತ್ತೇನೆ ಅಣ್ಣ, ಆಣೆ ಮಾತ್ರ ಮಾಡಲಾರೆ ಎಂದಳು. ಅವನು ಹೋದ ಮೇಲೆ ವಿಮಾನ ನೆನೆದು ಮನಸಾರೆ ಅತ್ತಳು. ಡೆಲ್ಲಿಯ ಆಸೆ ಸುಮ್ಮನೆ ಹೋಗುವಂಥದ್ದಲ್ಲ.

ಭಾನುವಾರ, ಆಯ್ಕೆಯ ಹೊತ್ತಿಗೆ, ಅರುಣಕ್ಕ ಮಾರಿಕುಪ್ಪಂನಲ್ಲಿ ಇಳಿದಳು. ಆ ಲೈನ್ ಮನೆಗಳ ಕಡೆಗೆ ಅವಳು ಬಂದದ್ದು ಅದೇ ಮೊದಲು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು ಮಾರಿಯಮ್ಮನ ಎದುರಿಗೆ ಚಾಪೆಯ ಮೇಲೆ ಕೂತಳು. ಮುದುಕಿ ಅವಳ ಮುಖದ ಹತ್ತಿರ ಮುಖ ತಂದು ನೋಡಿದಳು, ಯಾರೆಂದು ಕೇಳಲಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು ಅದರ ಮೇಲೆ ತನ್ನ ಒಣಗಿದ ಮೊಳಕೈಯೂರಿ, ತನಗೂ ಆ ಆಟ ತೋರಿಸು ಎಂದಳು. ಇಂದ್ರಾಣಿ ನಗುತ್ತಾ ತೀರ್ಪುಗಾರಳಾಗಿ ಪಕ್ಕದಲ್ಲಿ ನಿಂತಳು.

ಅರುಣಕ್ಕ ಮುದುಕಿಯ ಕೈಯನ್ನು ಹಿಡಿದಳು. ಹಕ್ಕಿಯ ಕಾಲಿನಂಥ ಬೆರಳುಗಳು ಅವಳ ದಪ್ಪ ಬೆರಳುಗಳ ಸುತ್ತ ನಿಧಾನವಾಗಿ ಮುಚ್ಚಿಕೊಂಡವು. ಇಂದ್ರಾಣಿ ಶುರು ಎಂದಳು. ಯಾರೂ ತಳ್ಳಲಿಲ್ಲ. ಸೋತು ತೋರಿಸೋಣವೆಂದು ಅರುಣಕ್ಕ ತನ್ನ ಕೈಯನ್ನು ತಾನೇ ಬಾಗಿಸಲು ಹೋದಳು. ಮಾರಿಯಮ್ಮ ಬಿಡಲಿಲ್ಲ.

"ಸೋಲ್ಬ್ಯಾಡ ತಾಯಿ," ಎಂದಳು. "ಸೋತ್ರೆ ಕೈ ಬಿಡ್ಬೇಕಾಗ್ತದೆ. ಇನ್ನೊಂದ್ ಗಳಿಗೆ ಇಂಗೇ ಇರ್ಲಿ."