ಗುಳ್ಳೆ ನಿಲ್ಲುವವರೆಗೆ

ಏರಿನ ನಡುವೆ ಶವದ ವ್ಯಾನು ಒಮ್ಮೆ ಮುಲುಗಿ ನಿಂತುಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಎದ್ದ ಹಬೆ ಮುಂದಿನ ಗಾಜನ್ನು ಮುಚ್ಚಿತು. ಹಿಂದಿನ ಕಾರುಗಳಿಂದ ಜನ ಇಳಿದರು.

"ಯಾರೂ ಕ್ಯಾಪ್ ಮುಟ್ಟಬೇಡಿ, ಆರಲಿ," ಎಂದು ಚಾಲಕ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

"ಏನೋ ಬರಗಾಲ, ಇವತ್ತೂ ನೀರು ಹಾಕ್ದೆ ಬಂದ್ಯಾ?" ಎಂದು ಬೀದಿಯ ದರ್ಜಿ ಚಾಲಕನನ್ನು ಅಡ್ಡಹೆಸರು ಹಿಡಿದು ಕೇಳಿದ. ಒಂದಿಬ್ಬರು ನಕ್ಕು, ಎಲ್ಲಿದ್ದೇವೆಂಬುದು ನೆನಪಾಗಿ ಕೆಮ್ಮಿದರು. ದರ್ಜಿ ದನಿ ತಗ್ಗಿಸಿದ. "ಜೀವಮಾನವೆಲ್ಲ ರೇಡಿಯೇಟರ್ ನೋಡ್ಕೊಂಡೋನ್ನ ಕುದಿಯೋ ಗಾಡೀಲಿ ಕಳಿಸ್ತಿದೀವಲ್ಲಪ್ಪ. ಅವನ ಕೈಯಿಂದ ಒಂದೇ ಒಂದು ಗಾಡಿ ಗುಳ್ಳೆ ಇಟ್ಕೊಂಡು ಆಚೆ ಹೋಗಿದ್ದಿಲ್ಲ."

ವ್ಯಾನಿನೊಳಗೆ, ಸತ್ತ ಮೆಕ್ಯಾನಿಕ್ಕಿನ ಹೆಂಡತಿ ಗಂಡನ ಪಾದಗಳ ಮೇಲೆ ಕೈಯಿಟ್ಟು ಕುಳಿತಿದ್ದಳು. ಹಿಂಬಾಗಿಲು ತೆರೆದಿದ್ದರಿಂದ ಎಲ್ಲವೂ ಕೇಳಿಸುತ್ತಿತ್ತು.

ಅವನ ಪದ್ಧತಿ ಬೀದಿಗೆಲ್ಲ ಗೊತ್ತಿತ್ತು. ಹೊಸ ನೀರು ತುಂಬಿದ ಮೇಲೆ ಗಾಡಿಯ ಮುಂದಿನ ಚಕ್ರಗಳನ್ನು ಹಲಗೆಗೆ ಹತ್ತಿಸಿ, ಹೀಟರ್ ಪೂರ್ತಿ ತಿರುಗಿಸಿ, ಕ್ಯಾಪ್ ತೆಗೆದಿಟ್ಟು, ಎಂಜಿನ್ ಓಡಲು ಬಿಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದ. ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೇಳಬೇಕು. ಗಾಳಿ ನಿಂತ ಕಡೆ ನೀರು ಹರಿಯುವುದಿಲ್ಲ. ತುಂಬಿದಂತೆ ಕಂಡರೂ ಎಂಜಿನ್ ಒಳಗೇ ಬೇಯುತ್ತದೆ. "ಏನು, ಹಾಲು ಕಾಯಿಸ್ತಿದೀಯಾ?" ಎಂದು ಅವಸರದವರು ಅಣಕಿಸಿದರೆ, "ನೀರು ಯಾರು ಬೇಕಾದ್ರೂ ತುಂಬ್ತಾರೆ, ಗಾಳಿ ಬಿಡಿಸೋನು ಬೇಕು," ಎನ್ನುತ್ತಿದ್ದ.

ಈಗ ಅಣ್ಣನ ಅಂಗಡಿ ನೋಡಿಕೊಳ್ಳುತ್ತಿದ್ದ ಅವಳ ಮೈದುನ ಚಾಲಕನ ಮುಂದೆ ಬಂದ. "ಬೆಳಿಗ್ಗೆ ಹೊಸ ಪೈಪ್ ಹಾಕಿ ನಾನೇ ನೀರು ತುಂಬ್ಸಿದೀನಿ. ಆಮೇಲೆ ನೋಡ್ಕೋಬೇಕಾದೋನು ನೀನು ತಾನೇ?"

ಚಾಲಕ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದ.

*

ಕೆಲವು ವರ್ಷಗಳ ಹಿಂದೆ ಒಂದು ದಿನ, ಹಲಗೆಯ ಮೇಲೆ ಮೂತಿಯೆತ್ತಿ ನಿಂತಿದ್ದುದು ಇದೇ ಚಾಲಕನ ಸ್ವಂತ ಟ್ಯಾಕ್ಸಿ. ಅವಳು ಅಂಗಡಿಯ ಹಿಂಬಾಗಿಲಲ್ಲಿ ನಿಂತು ಕರೆದಳು: "ಬನ್ರೀ, ಮಗಳು ಮಗೂನ ಕರ್ಕೊಂಡು ಬಂದಿದಾಳೆ. ಆ ಗುಳ್ಳೆ ಏನು ಓಡಿಹೋಗುತ್ತಾ?"

ಗಂಡ ನಕ್ಕ. ಬಗ್ಗಿ ನೋಡಿದ. ಒಂದು ಗುಳ್ಳೆ ಎದ್ದು ಒಡೆಯಿತು. ಇನ್ನೊಂದು ಎದ್ದಿತು. ಅದರ ಮೇಲೆಯೇ ಕ್ಯಾಪ್ ತಿರುಗಿಸಿ, ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

ಮರುದಿನ ಟ್ಯಾಕ್ಸಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಎಂಜಿನ್ ಸುಟ್ಟಿತ್ತು, ನೀರೆಲ್ಲ ಕುದಿದು ಹಬೆಯಾಗಿ ಹೋಗಿತ್ತು.

"ಬತ್ತಿದ ಬಾವೀನ ಓಡಿಸ್ಕೊಂಡು ಬಂದಿದಾನೆ ಪುಣ್ಯಾತ್ಮ!" ಎಂದ ಗಂಡ, ಎಲ್ಲರೆದುರು.

"ಹೊರಡೋ ಮುಂಚೆ ನೋಡಿದ್ದೆ ಅಣ್ಣಾ. ತುಂಬಿತ್ತು," ಎಂದ ಚಾಲಕ.

ಗುಂಪಿನಲ್ಲಿ ಯಾರೋ "ಬರಗಾಲ" ಎಂದರು. ಹೆಸರು ಅಂಟಿಕೊಂಡಿತು. ಟ್ಯಾಕ್ಸಿ ಗುಜರಿಗೆ ಹೋಯಿತು. ಅವನು ಶವದ ವ್ಯಾನಿಗೆ ಚಾಲಕನಾದ.

"ಗುಳ್ಳೆ ಉಳಿದಿತ್ತು ಅಂತ ಹೇಳ್ಬಿಡ್ರೀ," ಎಂದಿದ್ದಳು, ಊಟಕ್ಕೆ ಕೂತಾಗ.

"ಒಂದು ಗುಳ್ಳೆಗೆ ಅಂಗಡಿ ಮುಚ್ಚಬೇಕಾ?"

ಕರೆದವಳು ತಾನೇ. ತಟ್ಟೆಗೆ ಇನ್ನಷ್ಟು ಬಡಿಸಿ ಸುಮ್ಮನಾದಳು. ಮುಂದೆ ಚಾಲಕ ಎದುರಾಗಿ "ಚೆನ್ನಾಗಿದೀರಾ ಅಕ್ಕಾ?" ಎಂದಾಗಲೆಲ್ಲ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

*

ಹಬೆ ಅಡಗಿತ್ತು. ಚಾಲಕ ಒದ್ದೆ ಬಟ್ಟೆ ಹಾಕಿ ಕ್ಯಾಪನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದ. ನೀರು ಹೊಯ್ದು ಎಂಜಿನ್ ಹಚ್ಚಿದ. "ಹೀಟರ್ ಹಾಕ್ತೀನಿ ಅಕ್ಕಾ. ಸೆಕೆ ಆಗುತ್ತೆ, ತಡ್ಕೊಳ್ಳಿ."

ವ್ಯಾನು ಹಳೆಯ ಆಂಬುಲೆನ್ಸು. ಹಿಂದೆಯೂ ಹೀಟರಿನ ಕಿಂಡಿಯಿತ್ತು. ಅದರಿಂದ ತಣ್ಣನೆ ಗಾಳಿ ಬಂತು. ಕುದಿದ ಎಂಜಿನ್, ತಣ್ಣನೆ ಗಾಳಿ. ಬಿಸಿನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಹೊರಗೆ ಮೈದುನ ಹೇಳುತ್ತಿದ್ದ: "ನೋಡಿ, ಎಷ್ಟು ನೀರು ಕುಡೀತು! ಇವನು ನೋಡೇ ಇಲ್ಲ ಅಂತ ಗೊತ್ತಾಗಲ್ವಾ?"

"ಬರಗಾಲ ಬರಗಾಲಾನೇ ಬಿಡಪ್ಪ," ಎಂದ ದರ್ಜಿ.

ಅವಳು ಕೆಳಗಿಳಿದಳು. "ನೀನು ಗಾಳಿ ಬಿಡಿಸ್ಲಿಲ್ಲ," ಎಂದಳು ಮೈದುನನಿಗೆ. "ಬೆಳಿಗ್ಗೆ ನಾನು ಕಿಟಕೀಲಿ ನೋಡಿದೆ. ಫೋನ್ ಕಿವೀಲಿಟ್ಕೊಂಡು, ತುಂಬ್ಸಿದ ಕೂಡ್ಲೇ ಕ್ಯಾಪ್ ಮುಚ್ಬಿಟ್ಟೆ ನೀನು."

"ಅತ್ತಿಗೆ, ಇವತ್ತು ಈ ಮಾತು ಯಾಕೆ..."

"ಅವತ್ತೂ ಹಿಂಗೇ ಆಗಿದ್ದು. ಟ್ಯಾಕ್ಸೀಲಿ ನೀರಿತ್ತು. ಇವರು ಗುಳ್ಳೆ ನಿಲ್ಲೋವರೆಗೂ ಕಾಯ್ಲಿಲ್ಲ. ನಾನು ಕರ್ದೆ, ಎದ್ದು ಬಂದ್ಬಿಟ್ರು. ಆಮೇಲೆ ಇವನ ತಲೆಗೆ ಕಟ್ಟಿದ್ರು." ಚಾಲಕನ ಕಡೆ ತಿರುಗಿದಳು. "ನಾನೂ ಬಾಯಿ ಮುಚ್ಕೊಂಡಿದ್ದೆ."

ದರ್ಜಿ ತನ್ನ ಚಪ್ಪಲಿ ನೋಡಿಕೊಂಡ. ಎಂಜಿನ್ ಮಾತ್ರ ಓಡುತ್ತಿತ್ತು.

ಚಾಲಕ ತಲೆಯೆತ್ತಲಿಲ್ಲ. ಮೇಲಿನ ರಬ್ಬರ್ ಪೈಪನ್ನು ಬಟ್ಟೆಯಲ್ಲಿ ಹಿಡಿದು ಹಿಸುಕುತ್ತಿದ್ದ. "ಒಳಗೆ ಕೂತ್ಕೊಳ್ಳಿ ಅಕ್ಕಾ," ಎಂದ. "ಗುಳ್ಳೆ ಇನ್ನೂ ಬರ್ತಿದೆ."

ಅವಳು ಹತ್ತಿ ಮತ್ತೆ ಪಾದಗಳ ಮೇಲೆ ಕೈಯಿಟ್ಟಳು. ಕಿಂಡಿಯ ಗಾಳಿ ನಿಧಾನವಾಗಿ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ಕೈಯಡಿ ಪಾದಗಳೂ ಬೆಚ್ಚಗಾಗತೊಡಗಿದಾಗ ಅವಳು ಕೈ ತೆಗೆದುಬಿಟ್ಟಳು. ಎಲ್ಲರೂ ನೋಡಲೆಂದು ತೆರೆದಿಟ್ಟಿದ್ದ ಮುಖದ ಮೇಲೆ ಬಿಳಿ ಬಟ್ಟೆ ಎಳೆದಳು. ಬಿಸಿಗಾಳಿಗೆ ಅದು ಮೂಗಿನ ಬಳಿ ಉಬ್ಬಿ ಇಳಿಯಿತು, ಮತ್ತೆ ಉಬ್ಬಿತು. ಅವಳು ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತಳು.